ಪುಟ ನಮ್ಮದು, ಕೀಲಿಕೈ ಇನ್ನೊಬ್ಬರದು: ರೈತ ಕಂಪನಿಯೊಂದು ಜಾಲತಾಣಕ್ಕೆ ಬಂದ ಒಂಬತ್ತು ತಿಂಗಳು

ಕಳೆದ ಆಷಾಢದಲ್ಲಿ ಆರಂಭಿಸಿ ಈ ಯುಗಾದಿಯ ಹೊತ್ತಿಗೆ ಹೇಗೋ ದಡ ಮುಟ್ಟಿಸಿದ ಒಂದು ಕೆಲಸದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೇಳುವುದಕ್ಕೆ ಅದು ಬಹಳ ಸಣ್ಣ ಕೆಲಸ: ನಮ್ಮ ರೈತ ಉತ್ಪಾದಕ ಕಂಪನಿಯ ಫೇಸ್‌ಬುಕ್ ಪುಟ, ವಾಟ್ಸ್‌ಆ್ಯಪ್ ಸಂಖ್ಯೆ ಮತ್ತು ಗೂಗಲ್ ನಕ್ಷೆಯಲ್ಲಿನ ವಿಳಾಸಗಳನ್ನು ಸರಿಪಡಿಸಿ, ಅವುಗಳ ಮೂಲಕ ಸಿರಿಧಾನ್ಯ ಮಾರುವುದು. ಹದಿನೈದು ದಿನಗಳಲ್ಲಿ ಮುಗಿಸುತ್ತೇನೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಹೇಳಿದ್ದೆ. ಒಂಬತ್ತು ತಿಂಗಳು ಹಿಡಿಯಿತು. ನಮ್ಮಂಥ ಕಂಪನಿಗಳು, ಮಹಿಳಾ ಸಂಘಗಳು, ಸಣ್ಣ ಸಹಕಾರ ಸಂಘಗಳು ಈಗ ಇದೇ ದಾರಿಗೆ ಇಳಿಯುತ್ತಿರುವುದನ್ನು ಕಾಣುತ್ತಿದ್ದೇನೆ. ನಾವು ಎಡವಿದ ಕಲ್ಲುಗಳಿಗೇ ಅವರೂ ಎಡವುವುದು ಬೇಡವೆಂಬುದಷ್ಟೇ ಈ ಬರಹದ ಉದ್ದೇಶ.

ಮೊದಲು ನಮ್ಮ ಪರಿಸ್ಥಿತಿ. ಹೊಸದುರ್ಗದ ಸುತ್ತಲಿನ ಊರುಗಳಲ್ಲಿ ಸಾಮೆ ಎಂಬ ಸಿರಿಧಾನ್ಯ ಬೆಳೆಯುತ್ತಾರೆ. ಹುಯ್ಯುವ ನಾಲ್ಕು ಹನಿ ಮಳೆಗೂ ಕೈಬಿಡದ ಬೆಳೆ. ಕೇಂದ್ರ ಸರ್ಕಾರ 2020ರಲ್ಲಿ ಘೋಷಿಸಿದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ನಮ್ಮ ಕಂಪನಿ ನೋಂದಣಿಯಾಯಿತು. ನಾನು ಅದರ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಹುದ್ದೆಯ ಹೆಸರು ಉದ್ದ. ಕೆಲಸವೆಂದರೆ ಲೆಕ್ಕ ಬರೆಯುವುದರಿಂದ ಹಿಡಿದು ಸಂಜೆ ಗೋದಾಮಿಗೆ ಬೀಗ ಹಾಕುವವರೆಗೆ ಎಲ್ಲವೂ. ಆ ಯೋಜನೆಯಲ್ಲಿ ಕಂಪನಿ ನಡೆಸುವ ಖರ್ಚಿಗೆಂದು ಮೂರು ವರ್ಷಗಳ ಅವಧಿಗೆ ಗರಿಷ್ಠ ₹18 ಲಕ್ಷ ನೆರವು ಸಿಗುತ್ತದೆ. ಮೂರು ವರ್ಷ ಮುಗಿದ ಮೇಲೆ ಸಂಬಳ, ಬಾಡಿಗೆ, ಕರೆಂಟು ಎಲ್ಲವೂ ಮಾರಾಟದಿಂದಲೇ ಹುಟ್ಟಬೇಕು. ಸಿಪ್ಪೆ ಸಮೇತ ಸಾಮೆಯನ್ನು ಮಂಡಿಗೆ ಹಾಕಿದರೆ ಹುಟ್ಟುವುದಿಲ್ಲ. ಸಿಪ್ಪೆ ತೆಗೆಸಿ, ಅಕ್ಕಿ ಮಾಡಿ, ಒಂದು ಕೆಜಿಯ ಪ್ಯಾಕೆಟ್ಟಿನಲ್ಲಿ ಬೆಂಗಳೂರು, ದಾವಣಗೆರೆ, ಶಿವಮೊಗ್ಗದ ಮನೆಗಳಿಗೆ ನೇರವಾಗಿ ಮುಟ್ಟಿಸಿದರೆ ಹುಟ್ಟಬಹುದು. ಆ ಮನೆಗಳನ್ನು ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಸಭೆಯಲ್ಲಿ ಎಲ್ಲರ ಬಾಯಲ್ಲೂ ಬಂದ ಉತ್ತರ ಒಂದೇ. ನಮಗೆ ಫೇಸ್‌ಬುಕ್ ಪುಟ ಇದೆಯಲ್ಲ!

ಪುಟ ಇತ್ತು, ನಿಜ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅದನ್ನು ಅನುಸರಿಸುತ್ತಿದ್ದರು. ಆದರೆ ಅದರಲ್ಲಿ ಎರಡು ವರ್ಷದ ಹಿಂದಿನ ದರ, ಹಳೆಯ ಗೋದಾಮಿನ ಫೋಟೋ, ಯಾರದೋ ಮೊಬೈಲ್ ಸಂಖ್ಯೆ. ತಿದ್ದೋಣವೆಂದರೆ ಒಳಗೆ ಹೋಗುವ ದಾರಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು: ಆರಂಭದ ದಿನಗಳಲ್ಲಿ ನಮಗೆ ನೆರವಾಗಲು ಬಂದಿದ್ದ ಕ್ಷೇತ್ರ ಸಹಾಯಕ ಹುಡುಗನೊಬ್ಬ ತನ್ನ ಸ್ವಂತ ಖಾತೆಯಿಂದ ಈ ಪುಟವನ್ನು ತೆರೆದಿದ್ದ. ಫೇಸ್‌ಬುಕ್‌ನಲ್ಲಿ ಪುಟಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಎಂಬುದೇ ಇಲ್ಲ. ಯಾರದಾದರೂ ವೈಯಕ್ತಿಕ ಖಾತೆಯ ಬೆನ್ನೇರಿಯೇ ಅದು ಬದುಕುತ್ತದೆ. ಹುಡುಗ ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿದ್ದ. ಅವನೊಂದಿಗೆ ನಮ್ಮ ಪುಟದ ಕೀಲಿಕೈಯೂ ಹೋಗಿತ್ತು. ತಪ್ಪು ಅವನದಲ್ಲ; ಕೇಳಬೇಕೆಂದು ನಮಗೇ ಹೊಳೆದಿರಲಿಲ್ಲ.

ಅವನ ಊರಿನ ಮನೆಗೆ ಹೋಗಿ, ತಾಯಿಯಿಂದ ಹೊಸ ನಂಬರು ಪಡೆದು, ಮಾತಾಡಿಸಲು ಮೂರು ವಾರ ಹಿಡಿಯಿತು. ಪಾಪ, ಒಳ್ಳೆಯ ಹುಡುಗ, ಕೂಡಲೇ ಒಪ್ಪಿದ. ಆದರೆ ಆ ಹಳೆಯ ಖಾತೆಯನ್ನು ಅವನೂ ಬಹಳ ದಿನಗಳಿಂದ ತೆರೆದಿರಲಿಲ್ಲ. ತೆರೆಯಲು ಹೋದರೆ ಆರು ಅಂಕಿಯ ಕೋಡ್ ಅವನ ಹಳೆಯ ಸಿಮ್‌ಗೆ ಹೋಗುತ್ತಿತ್ತು. ಆ ಸಿಮ್ಮನ್ನು ಅವನು ಎಂದೋ ಎಸೆದಿದ್ದ. ಬಳಸದೆ ಬಿಟ್ಟ ಸಂಖ್ಯೆಯನ್ನು ದೂರವಾಣಿ ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ. ನಾನು ಧೈರ್ಯ ಮಾಡಿ ಆ ಸಂಖ್ಯೆಗೆ ಕರೆ ಮಾಡಿದೆ. ರಾಯಚೂರು ಕಡೆಯ ಟ್ರ್ಯಾಕ್ಟರ್ ಚಾಲಕರೊಬ್ಬರು ಎತ್ತಿದರು. ನಾನು ಕಂಪನಿಯ ಹೆಸರು ಹೇಳುತ್ತಿದ್ದಂತೆಯೇ ಅವರು, "ಅಕ್ಕಾರ, ನೀವೇನ್ರೀ ಅದು? ದಿನಾ ಎರಡು ಫೋನ್ ಬರ್ತಾವ್ರೀ. ನಾನು ಟ್ರ್ಯಾಕ್ಟರ್ ಹೊಡೀಲೋ, ನಿಮ್ಮ ಸಾವಿ ಅಕ್ಕಿ ರೇಟ್ ಹೇಳ್ಲೋ?" ಎಂದು ಕೇಳಿದರು. ನಮ್ಮ ಪುಟದಲ್ಲಿದ್ದದ್ದು ಅದೇ ಸಂಖ್ಯೆ! ಅಷ್ಟು ದಿನ ನಮ್ಮ ಗ್ರಾಹಕರೆಲ್ಲ ಅವರಿಗೇ ಕರೆ ಮಾಡುತ್ತಿದ್ದರು. ಕೆಲವರಿಗೆ ಅವರು ಅಂದಾಜಿನ ಮೇಲೆ ದರವನ್ನೂ ಹೇಳಿದ್ದರಂತೆ.

ಹೈದರಾಬಾದಿನ ಹುಡುಗ ಒಂದು ಫೋನಿನಲ್ಲಿ, ರಾಯಚೂರಿನವರು ಇನ್ನೊಂದು ಫೋನಿನಲ್ಲಿ, ನಡುವೆ ನಾನು. ಹೊಲದ ಬದುವಿನ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಅವರು ಆರೂ ಅಂಕಿಗಳನ್ನು ಕನ್ನಡದಲ್ಲಿ ಒಂದೊಂದಾಗಿ ಓದಿ ಹೇಳಿದರು. ನಾನು ಈ ಕಡೆ ಒಪ್ಪಿಸಿದೆ. ಖಾತೆ ತೆರೆಯಿತು. ಆ ಕ್ಷಣದಲ್ಲಿ ಆದ ಸಂತೋಷ ಎಷ್ಟೋ, ಅಂದು ರಾತ್ರಿ ಯೋಚಿಸಿದಾಗ ಆದ ಭಯವೂ ಅಷ್ಟೇ. ಅಪರಿಚಿತರ ಕೈಯಲ್ಲಿ ಆ ಹುಡುಗನ ಖಾತೆಯ ಬೀಗ ಅಷ್ಟು ದಿನ ಬಿದ್ದಿತ್ತು. ಅವರು ಸಜ್ಜನರಾದದ್ದು ನಮ್ಮ ಪುಣ್ಯ. ಸಿಮ್ ಬದಲಿಸುವವರು ಮೊದಲು ಬ್ಯಾಂಕು, ಇಮೇಲು, ಜಾಲತಾಣ ಎಲ್ಲದರಲ್ಲೂ ಸಂಖ್ಯೆಯನ್ನು ಬದಲಿಸಿ, ಆಮೇಲೆ ಹಳೆಯ ಸಿಮ್ ಬಿಡಬೇಕು. ಕಂಪನಿಯ ಪುಟಕ್ಕಂತೂ ಕನಿಷ್ಠ ಇಬ್ಬರು, ಸಾಧ್ಯವಾದರೆ ಮೂವರು, ಪೂರ್ಣ ನಿಯಂತ್ರಣ ಹೊಂದಿರಲೇಬೇಕು. ಹುಡುಗ ಅಂದೇ ನನ್ನನ್ನೂ ನಮ್ಮ ಲೆಕ್ಕಿಗರನ್ನೂ ಸೇರಿಸಿದ. ಹೊಸದಾಗಿ ಅಧಿಕಾರ ಪಡೆದವರು ಹಳಬರನ್ನು ಆ ಕ್ಷಣವೇ ತೆಗೆದುಹಾಕಲು ಬರುವುದಿಲ್ಲ; ನಾವು ಒಂದು ವಾರ ಕಾಯಬೇಕಾಯಿತು. ಪುಟವನ್ನು ಕದಿಯುವವರನ್ನು ತಡೆಯಲು ಇಟ್ಟ ನಿಯಮವಾದ್ದರಿಂದ ಅದರ ಬಗ್ಗೆ ನನ್ನ ತಕರಾರಿಲ್ಲ.

ಇನ್ನು ಎರಡನೆಯ ಘಟ್ಟ, ಕಾಗದಪತ್ರಗಳದ್ದು. ಇಲ್ಲಿಯೇ ಅತಿ ಹೆಚ್ಚು ಕಾಲ ಹೋಯಿತು. ಹಳೆಯ ಗ್ರಾಹಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಟ್ಟಿಗೆ ಸಂದೇಶ ಕಳುಹಿಸುವುದು ನಮ್ಮ ಯೋಜನೆಯಾಗಿತ್ತು. ಉಚಿತವಾಗಿ ಸಿಗುವ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಒಂದು ಪ್ರಸಾರ ಪಟ್ಟಿಗೆ 256 ಜನರನ್ನಷ್ಟೇ ಸೇರಿಸಬಹುದು, ಅದೂ ಅವರು ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚು ಜನರಿಗೆ ಕಳುಹಿಸಬೇಕೆಂದರೆ ಹಣ ಕೊಟ್ಟು ಪಡೆಯುವ ದೊಡ್ಡ ವ್ಯವಸ್ಥೆಯೊಂದಿದೆ. ಅದರಲ್ಲಿ ಸಂದೇಶದ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಪ್ರಚಾರದ ಸಂದೇಶಕ್ಕೆ ದರ ತೆರಬೇಕು, ಮತ್ತು ಸಂಸ್ಥೆ ನಿಜವಾಗಿಯೂ ಇದೆಯೆಂದು ದಾಖಲೆಗಳ ಮೂಲಕ ಸಾಬೀತುಪಡಿಸಿಕೊಂಡರೆ ಒಳ್ಳೆಯದು. ನಾನು ದಾಖಲೆಗಳನ್ನು ಹೊಂದಿಸತೊಡಗಿದೆ.

ಹೊಂದಿಸಿ ನೋಡಿದರೆ ನಮ್ಮ ಕಂಪನಿಗೆ ನಾಲ್ಕು ಹೆಸರು, ಎರಡು ವಿಳಾಸ. ನೋಂದಣಿ ಪ್ರಮಾಣಪತ್ರದಲ್ಲಿ 'ಫಾರ್ಮರ್ಸ್ ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್'. ಬ್ಯಾಂಕಿನ ಪಟ್ಟಿಯಲ್ಲಿ ಜಾಗ ಸಾಲದೆ ಬರೀ ಮೊದಲಕ್ಷರಗಳು. ಫಲಕದ ಮೇಲೆ 'ರೈತ ಉತ್ಪಾದಕ ಸಂಸ್ಥೆ'. ಪುಟದಲ್ಲಿ ಪ್ಯಾಕೆಟ್ಟಿನ ಬ್ರ್ಯಾಂಡ್ ಹೆಸರು. ನೋಂದಾಯಿತ ಕಚೇರಿ ಎಂದು ಎಲ್ಲ ಕಡೆ ಕೊಟ್ಟದ್ದು ಅಧ್ಯಕ್ಷರ ಮನೆಯ ವಿಳಾಸ, ಏಕೆಂದರೆ ಆರಂಭದಲ್ಲಿ ನಮಗೆ ಬೇರೆ ಸೂರಿರಲಿಲ್ಲ. ವ್ಯವಹಾರ ನಡೆಯುವುದು ಬಾಡಿಗೆ ಗೋದಾಮಿನಲ್ಲಿ. ಅದರ ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿ. ದಾಖಲೆಗಳ ಪರಿಶೀಲನೆಗೆ ಹಾಕಿದ ಅರ್ಜಿ ಮೊದಲ ಸಲ ತಿರಸ್ಕೃತವಾದಾಗ ಕೋಪ ಬಂದದ್ದು ನಿಜ. ಎರಡನೆಯ ಸಲ ತಿರಸ್ಕೃತವಾದಾಗ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಹೊರಗಿನವಳಂತೆ ನಿಂತು ಓದಿದೆ. ಯಾರೇ ಆದರೂ ಇವು ಒಂದೇ ಸಂಸ್ಥೆಯವೆಂದು ನಂಬುವಂತಿರಲಿಲ್ಲ.

ತಿದ್ದುಪಡಿಯ ದಾರಿ ಉದ್ದವಾಗಿತ್ತು. ನೋಂದಾಯಿತ ಕಚೇರಿಯನ್ನು ಗೋದಾಮಿಗೆ ವರ್ಗಾಯಿಸಲು ಮಂಡಳಿಯ ನಿರ್ಣಯ ಬೇಕು. ಬದಲಾವಣೆಯಾದ 30 ದಿನಗಳೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಐಎನ್‌ಸಿ-22 ನಮೂನೆ ಸಲ್ಲಿಸಬೇಕು. ಅದಕ್ಕೆ ಮಾಲೀಕರ ಒಪ್ಪಿಗೆ ಪತ್ರ, ಬಾಡಿಗೆ ಕರಾರು, ಇತ್ತೀಚಿನ ಕರೆಂಟ್ ಬಿಲ್. ಆಮೇಲೆ ಜಿಎಸ್‌ಟಿ ನೋಂದಣಿಯಲ್ಲಿ ಮುಖ್ಯ ವ್ಯವಹಾರ ಸ್ಥಳದ ತಿದ್ದುಪಡಿ. ಅದು ಅಧಿಕಾರಿಗಳು ನೋಡಿ ಒಪ್ಪಬೇಕಾದ ತಿದ್ದುಪಡಿಯಾದ್ದರಿಂದ ಅರ್ಜಿ ಹಾಕಿದ ದಿನವೇ ಆಗುವುದಿಲ್ಲ. ಗೋದಾಮಿನ ಮಾಲೀಕರು ಪತ್ರಕ್ಕೆ ಸಹಿ ಹಾಕಲು ಹೆದರಿದರು. ಆಸ್ತಿ ಕಂಪನಿಯ ಹೆಸರಿಗೆ ಹೋಗಿಬಿಡುತ್ತದೆಂದು ಅವರಿಗೆ ಯಾರೋ ಹೇಳಿದ್ದರು. ಅವರನ್ನು ಒಪ್ಪಿಸಲು ಅಧ್ಯಕ್ಷರೇ ಎರಡು ಸಲ ಹೋಗಿ ಕಾಫಿ ಕುಡಿದು ಬರಬೇಕಾಯಿತು. ಲೆಕ್ಕಪರಿಶೋಧಕರ ಶುಲ್ಕವೂ ಸೇರಿ ಈ ಘಟ್ಟಕ್ಕೆ ನಮಗೆ ಸುಮಾರು ₹7,000 ಖರ್ಚಾಯಿತು. ಮೂರನೆಯ ಅರ್ಜಿ ಮೂರೇ ದಿನಗಳಲ್ಲಿ ಒಪ್ಪಿಗೆಯಾಯಿತು.

ಈಗ ಹೇಳಬೇಕಾದ ಮುಜುಗರದ ಸಂಗತಿ: ಅಷ್ಟೆಲ್ಲ ಮಾಡಿದ ಮೇಲೆ ಆ ದೊಡ್ಡ ವ್ಯವಸ್ಥೆಯನ್ನು ನಾವು ಎರಡೇ ತಿಂಗಳು ಬಳಸಿದೆವು. ನಮ್ಮ ಗ್ರಾಹಕರು ಆರುನೂರು ಚಿಲ್ಲರೆ. ಮೂರು ಪ್ರಸಾರ ಪಟ್ಟಿಗಳಲ್ಲಿ ಮುಗಿಯುವ ಸಂಖ್ಯೆ. 'ನಮ್ಮ ನಂಬರನ್ನು ಸೇವ್ ಮಾಡಿಕೊಳ್ಳಿ' ಎಂದು ಪ್ಯಾಕೆಟ್ಟಿನೊಳಗೆ ಒಂದು ಚೀಟಿ ಹಾಕಿದ್ದರೆ ಸಾಕಾಗಿತ್ತು. ಸಾವಿರಾರು ಗ್ರಾಹಕರಿಲ್ಲದ ಸಂಸ್ಥೆಗಳು ಮೊದಲು ಉಚಿತ ಆ್ಯಪ್‌ನಲ್ಲೇ ಒಂದು ವರ್ಷ ನಡೆಸಿ ನೋಡುವುದು ಲೇಸು. ಆದರೂ ಹೆಸರು, ವಿಳಾಸಗಳನ್ನು ಒಂದುಗೂಡಿಸಿದ ಕೆಲಸ ಮಾತ್ರ ವ್ಯರ್ಥವಾಗಲಿಲ್ಲ. ಮುಂದೆ ಬ್ಯಾಂಕಿನ ಸಾಲಕ್ಕೂ ಅದೇ ಕಡತ ಉಪಯೋಗಕ್ಕೆ ಬಂತು.

ಪುಟ ಕೈಗೆ ಬಂದಿತ್ತು, ಕಾಗದ ಸರಿಯಾಗುತ್ತಿತ್ತು, ಹಾಕುವುದೇನು? ಕಚೇರಿಯ ಕಂಪ್ಯೂಟರಿನಲ್ಲಿ ನಾಲ್ಕು ವರ್ಷಗಳ ಕರಪತ್ರ, ಪಾಕವಿಧಾನ, ಬೆಳೆಯ ಟಿಪ್ಪಣಿಗಳು ಇದ್ದವು. ಅವನ್ನೇ ನಕಲಿಸಿ ಪುಟಕ್ಕೆ ಅಂಟಿಸಿದರೆ ಕನ್ನಡದ ಒಂದಕ್ಷರವೂ ಕಾಣಿಸಲಿಲ್ಲ. ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಎಲ್ಲವನ್ನೂ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು. ಎಲ್ಲ ಕಂಪ್ಯೂಟರು, ಫೋನುಗಳೂ ಓದಬಲ್ಲ ಯುನಿಕೋಡ್ ಸಂಕೇತದಲ್ಲಿಲ್ಲದ ಆ ಬರಹ ನಮ್ಮ ಕಂಪ್ಯೂಟರಿನಲ್ಲಿ, ನಮ್ಮ ಡಿಟಿಪಿಯವರ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ. ಹೊರಗೆ ಹೋದರೆ ಬರೀ ಗೀಚು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಬಳಸಿದೆವು. ಆದರೆ ಒತ್ತಕ್ಷರ, ಅರ್ಕಾವತ್ತು ಬರುವಲ್ಲಿ ಕೈತಪ್ಪುತ್ತದೆ. ಒಮ್ಮೆ ಯಾರಾದರೂ ಕೂತು ಓದಲೇಬೇಕು. ನಾವು ಓದದೆ ಹಾಕಿದ ಮೊದಲ ಬರಹದಲ್ಲಿ ಒಂದು ಒತ್ತು ಹಾರಿಹೋಗಿ ಎಂಥ ಮಾತು ಉಳಿದಿತ್ತೆಂದು ಇಲ್ಲಿ ಬರೆಯಲಾರೆ. ನಲವತ್ತು ನಿಮಿಷ ಅದು ಪುಟದಲ್ಲಿತ್ತು.

ಆ ಗೊಂದಲದಲ್ಲೇ ಮಂಡಳಿಯವರು ಈ ಕೆಲಸಕ್ಕೆ ತಿಳಿದವರು ಬೇಕೆಂದು ನಿರ್ಧರಿಸಿದರು. ಬೆಂಗಳೂರಿನ ಏಜೆನ್ಸಿಯೊಂದಕ್ಕೆ ತಿಂಗಳಿಗೆ ₹15,000ದಂತೆ ಮೂರು ತಿಂಗಳಿಗೆ ಒಪ್ಪಿಸಿದೆವು, ಮೇಲೆ ಜಿಎಸ್‌ಟಿ. ಅವರು ತಿಂಗಳಿಗೆ ಹನ್ನೆರಡು ಪೋಸ್ಟರು ಕೊಟ್ಟರು. ಗಣೇಶ ಚತುರ್ಥಿಗೆ ಒಂದು, ಶಿಕ್ಷಕರ ದಿನಕ್ಕೆ ಒಂದು, ನವರಾತ್ರಿಗೆ ದಿನಕ್ಕೊಂದು ಬಣ್ಣ. ಅಂದವಾಗಿದ್ದವು, ಸುಳ್ಳು ಹೇಳಬಾರದು. ಒಂದರಲ್ಲಿ ಸಾಮೆಯ ಚಿತ್ರವಿರಬೇಕಾದ ಜಾಗದಲ್ಲಿ ನವಣೆಯ ತೆನೆ ಇತ್ತು, ಅಧ್ಯಕ್ಷರು ಅದನ್ನು ನೋಡಿ, "ಮೇಡಮ್ಮೋರೇ, ನಮ್ ಬೆಳೆ ನಮಗೇ ಗೊತ್ತಿಲ್ಲ ಅಂದ್ಕೊಳಲ್ವಾ ಜನ?" ಎಂದು ಕೇಳಿದ ಮಾತು ಈಗಲೂ ಚುಚ್ಚುತ್ತದೆ. ಹಬ್ಬದ ಶುಭಾಶಯಗಳಿಗೆ ನೂರಾರು ಮೆಚ್ಚುಗೆ ಬಂದವು. ನಾನು ಆ ಹೊತ್ತಿಗೆ ಆರ್ಡರ್ ಪುಸ್ತಕದಲ್ಲಿ 'ಎಲ್ಲಿಂದ ಗೊತ್ತಾಯಿತು' ಎಂಬ ಒಂದು ಕಾಲಂ ಎಳೆದು, ಫೋನ್ ಮಾಡಿದ ಪ್ರತಿಯೊಬ್ಬರನ್ನೂ ಕೇಳಿ ಬರೆಯುತ್ತಿದ್ದೆ. ಮೂರು ತಿಂಗಳಲ್ಲಿ ಪೋಸ್ಟರ್ ನೋಡಿ ಬಂದೆವೆಂದವರು ಇಬ್ಬರು. ಒಪ್ಪಂದವನ್ನು ಮುಂದುವರಿಸಲಿಲ್ಲ. ಏಜೆನ್ಸಿಯವರು ಮೋಸ ಮಾಡಿದರೆಂದು ಹೇಳಲಾರೆ; ಕೇಳಿದ್ದನ್ನು ಕೊಟ್ಟರು. ಕೇಳಬೇಕಾದದ್ದು ಏನೆಂದು ನಮಗೇ ತಿಳಿದಿರಲಿಲ್ಲ. ಹೊರಗಿನವರಿಗೆ ಕೆಲಸ ಒಪ್ಪಿಸುವವರು ಒಂದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು: ಜಾಹೀರಾತಿನ ಖಾತೆ, ಪುಟ, ಮೂಲ ವಿನ್ಯಾಸದ ಕಡತಗಳು ಎಲ್ಲವೂ ಸಂಸ್ಥೆಯ ಹೆಸರಿನಲ್ಲಿರಬೇಕು, ಅವರಿಗೆ ಕೆಲಸ ಮಾಡುವಷ್ಟು ಅನುಮತಿ ಮಾತ್ರ ಇರಬೇಕು. ಹುಡುಗನ ಪ್ರಸಂಗದಿಂದ ಬುದ್ಧಿ ಕಲಿತಿದ್ದ ನಾವು ಅಷ್ಟನ್ನು ಮಾತ್ರ ಸರಿಯಾಗಿ ಮಾಡಿದ್ದೆವು.

ಹಣ ಕೊಟ್ಟು ಹಾಕಿದ ಮೊದಲ ಜಾಹೀರಾತು ಇನ್ನೊಂದು ಪಾಠ. ₹3,000ಕ್ಕೆ ಜಿಎಸ್‌ಟಿ ಶೇ 18 ಸೇರಿ ₹3,540. ಬರಹ ನನ್ನದೇ: ಸಾಮೆ ಉಂಡವರಿಗೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬರ್ಥದ ಮಾತು, ಜೊತೆಗೆ 'ಸಂಪೂರ್ಣ ಸಾವಯವ' ಎಂಬ ಮುದ್ರೆ. ಸಿರಿಧಾನ್ಯ ಮಾರುವ ಹತ್ತು ಪುಟಗಳಲ್ಲಿ ಎಂಟರಲ್ಲಿ ಇದೇ ಮಾತಿರುತ್ತದೆಯಾದ್ದರಿಂದ ನನಗೂ ಅದು ತಪ್ಪೆನಿಸಿರಲಿಲ್ಲ. ಜಾಹೀರಾತಿಗೆ ಒಪ್ಪಿಗೆ ಸಿಗಲಿಲ್ಲ. ಪುಟದಲ್ಲಿ ಇದೇ ಮಾತನ್ನು ಓದಿದ ನಮ್ಮ ಗ್ರಾಹಕರಲ್ಲೊಬ್ಬರಾದ ವೈದ್ಯರು ಕರೆ ಮಾಡಿ, ನಯವಾಗಿಯೇ ಬೈದರು: ಈ ಮಾತನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಹೊಣೆ ಯಾರು? ಆಮೇಲೆ ಕಾನೂನು ಓದಿದೆ. ಮಧುಮೇಹವನ್ನು ಗುಣಪಡಿಸುತ್ತೇವೆಂದು ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸುತ್ತದೆ. ಆಹಾರ ಪದಾರ್ಥವು ರೋಗ ವಾಸಿ ಮಾಡುತ್ತದೆಂದು ಹೇಳಿಕೊಳ್ಳುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳೂ ಹೇಳುತ್ತವೆ. 'ಸಾವಯವ' ಎಂಬ ಪದಕ್ಕೂ ಸಾಮಾನ್ಯವಾಗಿ ಪ್ರಮಾಣಪತ್ರದ ಬೆಂಬಲ ಬೇಕು, ತೀರಾ ಸಣ್ಣ ಉತ್ಪಾದಕರ ನೇರ ಮಾರಾಟಕ್ಕೆ ವಿನಾಯಿತಿ ಇದ್ದರೂ. ನಮ್ಮ ರೈತರು ಸಾಮೆಗೆ ರಾಸಾಯನಿಕ ಹಾಕುವುದಿಲ್ಲವೆಂಬುದು ನಿಜವೇ. ಆದರೆ ಪ್ರಮಾಣಪತ್ರ ನಮ್ಮಲ್ಲಿ ಇಲ್ಲ. ಪುಟದ ಹಳೆಯ ಬರಹಗಳಿಂದ ಆ ಎರಡೂ ಬಗೆಯ ಮಾತುಗಳನ್ನು ಹುಡುಕಿ ಹುಡುಕಿ ತೆಗೆಯಲು ಎರಡು ದಿನ ಹಿಡಿಯಿತು. ಈಗ ಪ್ಯಾಕೆಟ್ಟಿನ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆಯನ್ನು ಪುಟದಲ್ಲೂ ಹಾಕಿದ್ದೇವೆ. ಗ್ರಾಹಕರು ಅದನ್ನು ಕೇಳುತ್ತಾರೆ.

ಇಷ್ಟರಲ್ಲಿ ದೀಪಾವಳಿ ಕಳೆದಿತ್ತು, ನನ್ನ ಉತ್ಸಾಹವೂ ಕಳೆದಿತ್ತು. ಮಂಡಳಿಯ ಸಭೆಯಲ್ಲಿ ಖರ್ಚಿನ ಲೆಕ್ಕ ಓದುವಾಗ ತಲೆ ಎತ್ತಲಾಗಲಿಲ್ಲ. ಆಗ ಆರ್ಡರ್ ಪುಸ್ತಕದ ಹಿಂಬದಿಯ ಹಾಳೆಗಳು ಕಣ್ಣಿಗೆ ಬಿದ್ದವು. ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಅಲ್ಲಿ ಸುಮ್ಮನೆ ಗೀಚಿಡುವ ಅಭ್ಯಾಸ ನನ್ನದು. ಎಷ್ಟು ಹೊತ್ತು ನೆನೆಸಬೇಕು, ಕುಕ್ಕರಿಗೆ ಎಷ್ಟು ನೀರು, ಅನ್ನ ಏಕೆ ಮುದ್ದೆಯಾಗುತ್ತದೆ, ಎಷ್ಟು ದಿನ ಇಡಬಹುದು, ಸಾಮೆಗೂ ಊದಲಿಗೂ ವ್ಯತ್ಯಾಸವೇನು. ನಾವು ಹಬ್ಬಗಳ ಶುಭಾಶಯ ಹೇಳುತ್ತಿದ್ದೆವು. ಅವರು ಅನ್ನ ಮಾಡುವುದು ಹೇಗೆಂದು ಕೇಳುತ್ತಿದ್ದರು.

ಸದಸ್ಯೆಯಾದ ಅಜ್ಜಿಯೊಬ್ಬರ ಮನೆಗೆ ಹೋದೆ. ₹900ರ ಸ್ಟ್ಯಾಂಡು, ₹1,800ರ ಕಾಲರ್ ಮೈಕು, ನನ್ನದೇ ಫೋನು. ಅಡುಗೆಮನೆಯಲ್ಲಿ ಬೆಳಕು ಸಾಲದೆ ಒಲೆಯನ್ನು ಹಿತ್ತಿಲಿಗೆ ತಂದೆವು. ಮೊದಲು ಅಜ್ಜಿ ಕ್ಯಾಮೆರಾದ ಕಡೆಗೆ ನೋಡಿ ಭಾಷಣದ ಧಾಟಿಯಲ್ಲಿ ಶುರುಮಾಡಿದರು; ಐದಾರು ಸಲ ಪ್ರಯತ್ನಿಸಿ ಸುಮ್ಮನಾದೆ. ಕೊನೆಗೆ, "ಅಜ್ಜಿ, ನನಗೆ ಬರಲ್ಲ, ನೀವು ಮಾಡಿ ತೋರಿಸಿ" ಎಂದಾಗ ಅವರು ಕ್ಯಾಮೆರಾವನ್ನು ಮರೆತರು. ಅಗಲ ಬಾಯಿಯ ಪಾತ್ರೆಗೆ ಸಾಮೆ ಅಕ್ಕಿ ಸುರಿದು, ನೀರು ಹಾಕಿ, ಪಾತ್ರೆಯನ್ನು ಓರೆಮಾಡಿ ಬಲಗೈಯಿಂದ ಜಾಲಿಸುತ್ತಾ ಇನ್ನೊಂದು ಪಾತ್ರೆಗೆ ಬಗ್ಗಿಸಿದರು. ಹಗುರಾದ ಅಕ್ಕಿ ನೀರಿನೊಡನೆ ಹರಿದುಹೋಗಿ ತಳದಲ್ಲಿ ಎರಡೇ ಎರಡು ಕಪ್ಪು ಹರಳು ಉಳಿದವು. ಅವನ್ನು ಬೆರಳ ತುದಿಯಲ್ಲಿ ಎತ್ತಿ, "ನೋಡವ್ವಾ, ನಿಮ್ ಮಿಷನ್ನು ಬಿಟ್ಟಿದ್ದು" ಎಂದು ನಕ್ಕರು. ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡೂವರೆ ಲೋಟ ನೀರು, ನೀರು ಇಂಗಿದ ಮೇಲೆ ಕೆಂಡದ ಮೇಲೆ ಹತ್ತು ನಿಮಿಷ. ಆ ಹರಳಿನ ಮಾತನ್ನು ಕತ್ತರಿಸಬೇಕೆಂದು ನಿರ್ದೇಶಕರೊಬ್ಬರು ಪಟ್ಟು ಹಿಡಿದರು. ನಮ್ಮ ಮಾಲಿನಲ್ಲಿ ಕಲ್ಲಿದೆಯೆಂದು ನಾವೇ ಸಾರಿದಂತಾಗುತ್ತದಲ್ಲ? ಹಾಗೇ ಬಿಡೋಣವೆಂದು ನಾನು ವಾದಿಸಿದೆ. ಒಂದು ನಿಮಿಷ ನಲವತ್ತು ಸೆಕೆಂಡಿನ ಆ ವಿಡಿಯೋಕ್ಕೆ ಹಣ ಹಾಕಲಿಲ್ಲ. ಹದಿನೈದು ದಿನಗಳಲ್ಲಿ 'ಎಲ್ಲಿಂದ ಗೊತ್ತಾಯಿತು' ಕಾಲಂನಲ್ಲಿ 'ಅಜ್ಜಿ' ಎಂದು 63 ಸಲ ಬರೆದೆ.

ಅಲ್ಲಿಂದ ಮುಂದೆ ದಾರಿ ಸ್ಪಷ್ಟವಾಯಿತು. ವಾರಕ್ಕೆ ಎರಡು ವಿಡಿಯೋ, ಒಂದೊಂದೂ ಯಾರೋ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ಉತ್ತರ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಿದ ಒಂದು ವಿಡಿಯೋ ಹಕ್ಕಿನ ಕಾರಣಕ್ಕೆ ಮೂಕವಾಯಿತು; ಸಂಸ್ಥೆಯ ಖಾತೆಗಳಿಗೆ ಜನಪ್ರಿಯ ಹಾಡು ಬಳಸುವ ಸಲುಗೆ ಇರುವುದಿಲ್ಲ. ಈಗ ಮಿಷನ್ನಿನ ಸದ್ದು, ಕೋಳಿಯ ಕೂಗು ಇದ್ದಂತೆಯೇ ಬಿಡುತ್ತೇವೆ. ಹೆಸರಿನ ತೊಡಕೊಂದು ಬಾಕಿಯಿತ್ತು: ನಮ್ಮ ಸಾಮೆ ಉತ್ತರ ಕರ್ನಾಟಕದವರಿಗೆ ಸಾವಿ, ತೆಲುಗರಿಗೆ ಸಾಮಲು, ತಮಿಳರಿಗೆ ಸಾಮೈ, ಹಿಂದಿಯವರಿಗೆ ಕುಟ್ಕಿ, ಬೆಂಗಳೂರಿನ ಅಂಗಡಿಗಳಲ್ಲಿ ಲಿಟಲ್ ಮಿಲೆಟ್. ವಿವರಣೆಯ ಮೊದಲ ಸಾಲಿನಲ್ಲೇ ಈ ಎಲ್ಲ ಹೆಸರುಗಳನ್ನೂ ಬರೆಯತೊಡಗಿದ ಮೇಲೆ ಹುಡುಕಿಕೊಂಡು ಬರುವವರು ಹೆಚ್ಚಾದರು.

ಒಂದು ತಪ್ಪಿಗೆ ಮಾತ್ರ ಇಂದಿಗೂ ನಾಚಿಕೆಯಿದೆ. ಆರ್ಡರ್ ಹೆಚ್ಚಾದ ಸಡಗರದಲ್ಲಿ, ಕೇಳದೆಯೇ ಎಲ್ಲ ಗ್ರಾಹಕರನ್ನೂ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದೆ. ಗುಂಪಿನಲ್ಲಿ ಪ್ರತಿಯೊಬ್ಬರ ಸಂಖ್ಯೆ ಉಳಿದೆಲ್ಲರಿಗೂ ಕಾಣುತ್ತದೆಂಬುದು ಗೊತ್ತಿದ್ದೂ ಯೋಚಿಸಲಿಲ್ಲ. ನಾಲ್ಕೇ ದಿನಗಳಲ್ಲಿ ಯಾರೋ ಆ ಸಂಖ್ಯೆಗಳನ್ನೆಲ್ಲ ತೆಗೆದುಕೊಂಡು ಸಾಲ ಕೊಡುವ ಸಂದೇಶ ಕಳುಹಿಸತೊಡಗಿದರು. ಒಬ್ಬ ಹೆಣ್ಣುಮಗಳು, ನಿಮ್ಮನ್ನು ನಂಬಿ ನಂಬರು ಕೊಟ್ಟಿದ್ದೆ ಎಂದಷ್ಟೇ ಬರೆದು ಹೊರನಡೆದರು. ಅವರು ಮತ್ತೆ ಕೊಳ್ಳಲಿಲ್ಲ. ಗುಂಪನ್ನು ಮುಚ್ಚಿ, ಎಲ್ಲರಿಗೂ ಪ್ರತ್ಯೇಕವಾಗಿ ಕ್ಷಮೆ ಕೇಳಿ, ಸಂಖ್ಯೆ ಕಾಣಿಸದ ವಾಟ್ಸ್‌ಆ್ಯಪ್ ಚಾನೆಲ್ ತೆರೆದೆವು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯೇ ಬಂದಿದೆ. ಆರ್ಡರ್ ಪಡೆಯುವಾಗಲೇ 'ಮುಂದೆ ಸಂದೇಶ ಕಳುಹಿಸಬಹುದೇ' ಎಂದು ಕೇಳಿ ಗುರುತು ಹಾಕಿಕೊಳ್ಳುತ್ತೇವೆ.

ಫೆಬ್ರವರಿಯ ಕೊನೆಗೆ ಒಬ್ಬರು ಪ್ಯಾಕೆಟ್ಟಿನೊಳಗಿನ ಹುಳುವಿನ ಫೋಟೋವನ್ನು ಪುಟದಲ್ಲೇ ಹಾಕಿದರು. ಅಳಿಸಿಬಿಡಿ ಎಂದು ಮೂವರು ನಿರ್ದೇಶಕರು ಕರೆ ಮಾಡಿದರು. ಅಳಿಸಲಿಲ್ಲ. ಫೋಟೋದಲ್ಲಿದ್ದ ಬ್ಯಾಚ್ ಸಂಖ್ಯೆ ನೋಡಿ ಗೋದಾಮಿನಲ್ಲಿ ಅದೇ ಬ್ಯಾಚಿನ ಪ್ಯಾಕೆಟ್ ಒಡೆದೆ, ಅದರಲ್ಲೂ ಹುಳುವಿತ್ತು. ಸಿಪ್ಪೆ ತೆಗೆದ ಸಿರಿಧಾನ್ಯ ಬೇಗ ಮುಗ್ಗುತ್ತದೆ, ಬೇಗ ಹುಳು ಹಿಡಿಯುತ್ತದೆ. ಆ ಬ್ಯಾಚು ಅಗತ್ಯಕ್ಕಿಂತ ಹೆಚ್ಚು ದಿನ ಗೋದಾಮಿನಲ್ಲಿ ಉಳಿದಿತ್ತು. ಅದನ್ನು ಹಾಗೆಯೇ ಅವರ ದೂರಿನ ಕೆಳಗೆ ಬರೆದು, ಆ ಬ್ಯಾಚನ್ನು ಕೊಂಡ 31 ಜನರಿಗೆ ಫೋನ್ ಮಾಡಿ ಬದಲಿ ಕಳುಹಿಸಿದೆವು. ಸಾಗಣೆಯೂ ಸೇರಿ ₹6,000 ಹತ್ತಿರ ನಷ್ಟ. ಈಗ ಆರ್ಡರ್ ನೋಡಿಕೊಂಡು ವಾರಕ್ಕೊಮ್ಮೆ ಮಾತ್ರ ಸಿಪ್ಪೆ ತೆಗೆಸುತ್ತೇವೆ. ಈ ಬದಲಾವಣೆಯನ್ನು ನಾನು ಎರಡು ವರ್ಷಗಳಿಂದ ಕೇಳುತ್ತಿದ್ದೆ. ಒಂದು ಫೋಟೋದಿಂದ ಒಂದೇ ಸಭೆಯಲ್ಲಿ ಆಯಿತು.

ಕೊನೆಯದಾಗಿ ಗೂಗಲ್ ನಕ್ಷೆ. ವ್ಯವಹಾರ ನಮ್ಮದೇ ಎಂದು ತೋರಿಸಲು, ಕತ್ತರಿಸದ ಒಂದೇ ಓಟದ ವಿಡಿಯೋ ಕೊಡಬೇಕಾಯಿತು: ಸುತ್ತಲಿನ ರಸ್ತೆ, ಫಲಕ, ಒಳಗಿನ ಯಂತ್ರಗಳು, ಮತ್ತು ಬಾಗಿಲಿನ ಬೀಗ ನಾವೇ ತೆಗೆಯುವುದು. ಮೊದಲ ಸಲ ಬೀಗದವರೆಗೆ ಬಂದಾಗ ಫೋನಿಗೆ ಕರೆ ಬಂದು ಚಿತ್ರೀಕರಣ ನಿಂತಿತು. ಎರಡನೆಯ ಸಲ ಬಾಗಿಲು ತೆರೆಯುತ್ತಿದ್ದಂತೆ ಕರೆಂಟು ಹೋಯಿತು. ಮೂರನೆಯ ಸಲ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೆಳಗಿನ ಏಳು ಗಂಟೆಗೆ ಬಾಗಿಲನ್ನು ಪೂರ್ವದ ಬಿಸಿಲಿಗೆ ತೆರೆದು ಮುಗಿಸಿದೆ. ನಾಲ್ಕು ದಿನಗಳಲ್ಲಿ ಒಪ್ಪಿಗೆ ಬಂತು.

ಯುಗಾದಿಯ ಮುಂಚಿನ ಸಭೆಯಲ್ಲಿ ಒಂದು ನಿರ್ಣಯ ಬರೆಸಿದೆವು: ಯಾವ ಖಾತೆ ಯಾರ ಹೆಸರಿನಲ್ಲಿದೆ, ಯಾವ ಸಿಮ್ಮಿಗೆ ಕೋಡ್ ಬರುತ್ತದೆ ಎಂಬ ಪಟ್ಟಿ ಬೀರುವಿನಲ್ಲಿ ಇರಬೇಕು, ಯಾರೇ ಕೆಲಸ ಬಿಟ್ಟರೂ ಕೊನೆಯ ಸಂಬಳಕ್ಕೆ ಮೊದಲು ಅದನ್ನು ತಿದ್ದಬೇಕು. ಕೋಡ್ ಬರುವ ಸಿಮ್ ಈಗ ಕಂಪನಿಯ ಹೆಸರಿನಲ್ಲಿದೆ. ರಾಯಚೂರಿನವರಿಗೆ ಎರಡು ಕೆಜಿ ಸಾಮೆ ಅಕ್ಕಿ ಕಳುಹಿಸಿದೆವು. ಮುಟ್ಟಿತೆಂದು ಫೋನ್ ಮಾಡಿದ್ದರು.

ನಕ್ಷೆಯಲ್ಲಿ ಒಂದು ಸಣ್ಣ ಕೆಲಸ ಉಳಿದುಬಿಟ್ಟಿದೆ. ಬರಹದ ವಿಳಾಸ ಬದಲಾದರೂ ಕೆಂಪು ಗುರುತು ಇನ್ನೂ ಅಧ್ಯಕ್ಷರ ಮನೆಯ ಮೇಲೇ ಕೂತಿದೆ. ಕಾರಿನಲ್ಲಿ ಬರುವವರೆಲ್ಲ ನೇರ ಅವರ ಅಂಗಳಕ್ಕೆ ಹೋಗಿ ಸಾಮೆ ಕೇಳುತ್ತಾರೆ. ಅವರ ಮನೆಯವರು ಕೂರಿಸಿ, ಮಜ್ಜಿಗೆ ಕೊಟ್ಟು, ಗೋದಾಮಿನ ದಾರಿ ತೋರಿಸಿ ಕಳುಹಿಸುತ್ತಾರೆ. ಗುರುತು ಸರಿಸಲು ಸೋಮವಾರ ಕೋರಿಕೆ ಹಾಕಿದ್ದೇನೆ.